ಬೇಸ್‌ಬಾಲ್: ಮದ್ದು, ಮೂತ್ರ, ಮಾನ

ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನಲ್ಲಿ ಸ್ಟೆರಾಯ್ಡ್ ಸೇವನೆ ನಿಷಿದ್ಧ ಎಂದು ಕಮಿಷನರ್ ಫೇ ವಿನ್ಸೆಂಟ್ ಸುತ್ತೋಲೆ ಹೊರಡಿಸಿದ್ದು 1991ರಲ್ಲಿ. ಆದರೆ ಸೇವಿಸಿದವರನ್ನು ಹಿಡಿಯಲು ಪರೀಕ್ಷೆಯೇ ಇರಲಿಲ್ಲ. ಆಟಗಾರರ ಸಂಘ ಒಪ್ಪದೆ ಅದನ್ನು ಹೇರುವಂತಿರಲಿಲ್ಲ. ಕಾರಣವಿಲ್ಲದೆ ಎಲ್ಲರ ಮೂತ್ರ ತಪಾಸಣೆ ಮಾಡುವುದು ಖಾಸಗಿತನದ ಮೇಲಿನ ಅತಿಕ್ರಮಣ ಎಂಬುದು ಸಂಘದ ವಾದ.

1998ರಲ್ಲಿ ಮಾರ್ಕ್ ಮೆಕ್‌ಗ್ವೈರ್ 70 ಹೋಮ್‌ರನ್ ಬಾರಿಸಿ 37 ವರ್ಷಗಳ ದಾಖಲೆ ಅಳಿಸಿದಾಗ ಅಭಿಮಾನಿಗಳು ಕುಣಿದಾಡಿದರು. ಸ್ಟೆರಾಯ್ಡ್ ಬಳಸಿದ್ದನ್ನು ಅವರು ಒಪ್ಪಿಕೊಂಡದ್ದು 2010ರಲ್ಲಿ!

2002ರಲ್ಲಿ ಮಾಜಿ ಆಟಗಾರ ಕೆನ್ ಕ್ಯಾಮಿನಿಟಿ ತಾವೂ ಮದ್ದು ಬಳಸಿದ್ದಾಗಿ ಬಹಿರಂಗವಾಗಿ ಹೇಳಿದ ಮೇಲೆ ಒತ್ತಡ ಹೆಚ್ಚಿತು. ಅದೇ ವರ್ಷ ಒಪ್ಪಂದವಾಯಿತು. 2003ರಲ್ಲಿ ಹೆಸರು ಬಯಲು ಮಾಡದೆ ಪರೀಕ್ಷೆ. ಶೇ 5ಕ್ಕಿಂತ ಹೆಚ್ಚು ಮಾದರಿಗಳಲ್ಲಿ ಮದ್ದು ಕಂಡರೆ ಮಾತ್ರ ಮುಂದೆ ಶಿಕ್ಷೆಸಹಿತ ಪರೀಕ್ಷೆ. ಪ್ರಮಾಣ ಆ ಮಿತಿಯನ್ನು ದಾಟಿತು. 2004ರಿಂದ ಪರೀಕ್ಷೆ ಕಡ್ಡಾಯವಾಯಿತು.

ಸಂಘದ ಆತಂಕವೂ ಸುಳ್ಳಾಗಲಿಲ್ಲ. 2004ರಲ್ಲಿ 10 ಆಟಗಾರರ ಮಾಹಿತಿಗೆಂದು ವಾರಂಟ್ ತಂದ ಫೆಡರಲ್ ಅಧಿಕಾರಿಗಳು ನೂರಾರು ಆಟಗಾರರ ದಾಖಲೆಗಳನ್ನು ಹೊತ್ತೊಯ್ದರು. 2009ರಲ್ಲಿ ಅಲೆಕ್ಸ್ ರಾಡ್ರಿಗಸ್ ಹೆಸರು ಸೋರಿಹೋಯಿತು. ಅಧಿಕಾರಿಗಳು ಮಿತಿ ಮೀರಿದ್ದರೆಂದು ಮೇಲ್ಮನವಿ ನ್ಯಾಯಾಲಯ ಹೇಳಿದ್ದು ಅದಾದ ನಂತರ.

ಪರೀಕ್ಷೆ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಫಲಿತಾಂಶದ ಗುಟ್ಟು ಕಾಯುವವರು ಯಾರೆಂಬುದೂ ಅಷ್ಟೇ ಮುಖ್ಯ.