ಜೋಳಿಗೆಯೂ ಚಿಕಿತ್ಸೆಯ ವೆಚ್ಚವೂ

ಜೋಳಿಗೆಯು ಧಾನ್ಯವನ್ನು ಬೇಡುವುದು ಲೋಕರೂಢಿ. 2018ರಲ್ಲಿ ಲಿಂಗೈಕ್ಯರಾದ ಇಳಕಲ್ಲಿನ ಪೂಜ್ಯ ಶ್ರೀ ಮಹಾಂತ ಸ್ವಾಮಿಗಳವರಾದರೋ 1975ರಲ್ಲಿ ಜೋಳಿಗೆ ಹಿಡಿದು, ಭಕ್ತರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಲಾರಂಭಿಸಿದರು. ಆ ಭಿಕ್ಷೆಗೆ ಕಾಸಿನ ವೆಚ್ಚವಿರಲಿಲ್ಲ.

ಆದರೆ ಮದ್ಯವು ಮೈಗೂಡಿದವನಿಗೆ ಪ್ರತಿಜ್ಞೆಯೊಂದೇ ಸಾಲದು. ಹಠಾತ್ತನೆ ತೊರೆದರೆ ನಡುಕ, ಸೆಳವು, ಚಿತ್ತಭ್ರಮೆಗಳುಂಟಾಗಿ ಪ್ರಾಣಾಪಾಯವೂ ಒದಗಬಹುದು. ಆದುದರಿಂದ ವೈದ್ಯನು ಬೇಕು, ಧನವೂ ಬೇಕು. ಕುಡಿತದಿಂದ ಬರಿದಾದ ಮನೆಯು ಅದನ್ನೆಲ್ಲಿಂದ ತಂದೀತು?

2017ರ ಮಾನಸಿಕ ಆರೋಗ್ಯ ಕಾಯಿದೆಯು ಮದ್ಯ, ಮಾದಕದ್ರವ್ಯಗಳ ದುರ್ಬಳಕೆಗೆ ಸಂಬಂಧಿಸಿದ ಮನೋವಿಕಾರಗಳನ್ನೂ ರೋಗವೆಂದೆಣಿಸಿತು. ಸರಕಾರಿ ಚಿಕಿತ್ಸಾಲಯಗಳಲ್ಲಿ ಬಡವರಿಗೆ, ಪಡಿತರದ ಚೀಟಿಯಿಲ್ಲದಿದ್ದರೂ, ಉಚಿತ ಚಿಕಿತ್ಸೆಯನ್ನು ಹಕ್ಕಾಗಿಸಿತು. ವಿಮೆಯೂ ಶರೀರವ್ಯಾಧಿಗೆ ಸಮನಾಗಿ ಸಲ್ಲಬೇಕೆಂದು ವಿಧಿಸಿತು.

ಹೀಗೆ ಚಟವು ಜೋಳಿಗೆಗೆ, ಔಷಧದ ವೆಚ್ಚವು ಬೊಕ್ಕಸಕ್ಕೆ ಸಂದಿತು. ರೋಗಿಯು ಮರಳುವವರೆಗೆ ಅವನ ಮಕ್ಕಳ ಅನ್ನವೊಂದು ಉಳಿಯಿತು. ಅದು ಭಕ್ತರ ದಾಸೋಹಕ್ಕೆ ಸೇರಿದುದು.