ಲಕ್ಷ ಕಿ.ಮೀ. ದಾಟಿದ ಕಾರು ಸಿಗ್ನಲ್‌ನಲ್ಲಿ ನಡುಗುತ್ತಿದೆಯೇ? ಎಂಜಿನ್ ಬಿಚ್ಚಿಸುವ ಮುನ್ನ ಇವಿಷ್ಟನ್ನು ಪರೀಕ್ಷಿಸಿ

ಸಿಗ್ನಲ್‌ನಲ್ಲಿ ನಿಂತಾಗ ಸ್ಟೀರಿಂಗ್ ನಡುಗುವುದು, ಆರ್‌ಪಿಎಂ ಮುಳ್ಳು ಏರಿಳಿಯುವುದು, ಎಸಿ ಹಾಕಿದ ಕೂಡಲೇ ಎಂಜಿನ್ ನಿಂತೇಹೋಗುವಂತಾಗುವುದು ಲಕ್ಷ ಕಿಲೋಮೀಟರ್ ದಾಟಿದ ಕಾರುಗಳ ಸಾಮಾನ್ಯ ತೊಂದರೆ. ಗ್ಯಾರೇಜ್‌ನಲ್ಲಿ 'ಎಂಜಿನ್ ಕೆಲಸ ಮಾಡಿಸಬೇಕು' ಎಂದುಬಿಟ್ಟರೆ ಮಾಲೀಕರ ಎದೆ ಧಸಕ್ಕೆನ್ನುತ್ತದೆ. ಆದರೆ ಇದೇ ನಡುಕಕ್ಕೆ ಹಳೆಯ ಸ್ಪಾರ್ಕ್ ಪ್ಲಗ್ ಕಾರಣವಾಗಿರಬಹುದು, ಸವೆದ ಪಿಸ್ಟನ್ ರಿಂಗ್ ಕೂಡ ಕಾರಣವಾಗಿರಬಹುದು. ಯಾವುದೆಂದು ತಿಳಿಯಲು ಸರಳ ಪರೀಕ್ಷೆಗಳಿವೆ. ಕಡಿಮೆ ಖರ್ಚಿನವುಗಳಿಂದ ಶುರು ಮಾಡುವುದು ಜಾಣತನ.

ಮೊದಲು ಮುಳ್ಳು ನೋಡಿ

ಬಿಸಿಯಾದ ಪೆಟ್ರೋಲ್ ಎಂಜಿನ್ ಸಾಮಾನ್ಯವಾಗಿ 650ರಿಂದ 850 ಆರ್‌ಪಿಎಂನಲ್ಲಿ ಐಡಲ್ ಆಗುತ್ತದೆ. ಮುಳ್ಳು ಸ್ಥಿರವಾಗಿದ್ದು ಕಾರು ಮಾತ್ರ ನಡುಗುತ್ತಿದ್ದರೆ ಎಂಜಿನ್ ಮೌಂಟಿಂಗ್‌ನ ರಬ್ಬರ್ ಹಾಳಾಗಿರುವ ಸಾಧ್ಯತೆ ಹೆಚ್ಚು. ಮುಳ್ಳೂ ಕುಣಿಯುತ್ತಿದ್ದರೆ ದೋಷ ಗಾಳಿ, ಇಂಧನ, ಕಿಡಿ ಅಥವಾ ಕಂಪ್ರೆಷನ್‌ನಲ್ಲಿದೆ.

ಗಾಳಿ ಮತ್ತು ಕಿಡಿಯ ದೋಷ

ಐಡ್ಲಿಂಗ್‌ನಲ್ಲಿ ನಡುಗುವ ಎಂಜಿನ್ ಆಕ್ಸಿಲರೇಟರ್ ಒತ್ತಿದಾಗ ಸರಿಹೋದರೆ ಬಿರುಕು ಬಿಟ್ಟ ವ್ಯಾಕ್ಯೂಮ್ ಹೋಸ್ ಇದೆಯೇ ನೋಡಬೇಕು. ಐಡ್ಲಿಂಗ್ ವೇಳೆ ಎಂಜಿನ್ ಎಳೆದುಕೊಳ್ಳುವ ಗಾಳಿಯೇ ಕಡಿಮೆ. ಹೀಗಾಗಿ ಸಣ್ಣ ಬಿರುಕಿನಿಂದ ನುಸುಳುವ ಗಾಳಿಯೂ ಮಿಶ್ರಣವನ್ನು ಕೆಡಿಸುತ್ತದೆ. ಥ್ರಾಟಲ್ ಬಾಡಿಯಲ್ಲಿ ಕಟ್ಟಿದ ಕಾರ್ಬನ್ ಕೂಡ ಇದೇ ತೊಂದರೆ ಕೊಡುತ್ತದೆ. ಅದನ್ನು ಸ್ವಚ್ಛಗೊಳಿಸಿದರೆ ಹಲವು ಕಾರುಗಳು ಸರಿಹೋಗುತ್ತವೆ.

ಚೆಕ್ ಎಂಜಿನ್ ದೀಪ ಉರಿಯುತ್ತಿದ್ದರೆ ಸ್ಕ್ಯಾನರ್ ಹಾಕಿಸಿ. ಪಿ0302 ಎಂದರೆ 2ನೇ ಸಿಲಿಂಡರ್‌ನಲ್ಲಿ ಮಿಸ್‌ಫೈರ್. ಪ್ರತಿ ಸಿಲಿಂಡರ್‌ಗೂ ಬೇರೆ ಕಾಯಿಲ್ ಇರುವ ಕಾರಿನಲ್ಲಿ 2 ಮತ್ತು 3ನೇ ಸಿಲಿಂಡರ್‌ಗಳ ಕಾಯಿಲ್ ಅದಲುಬದಲು ಮಾಡಬೇಕು. ಕೋಡ್ ಪಿ0303ಕ್ಕೆ ಬದಲಾದರೆ ಕಾಯಿಲ್ ಕೆಟ್ಟಿದೆ ಎಂದರ್ಥ. ಬದಲಾಗದಿದ್ದರೆ ಪ್ಲಗ್, ಇಂಜೆಕ್ಟರ್ ಹಾಗೂ ಕಂಪ್ರೆಷನ್ ನೋಡಬೇಕು. ದೀಪ ಮಿಟುಕುತ್ತಿದ್ದರೆ ಕಾರು ಓಡಿಸುವುದು ಬೇಡ. ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್ ಅನ್ನೇ ಸುಡಬಹುದು.

ಸಿಎನ್‌ಜಿ ಕಾರಿನವರಿಗೆ ಒಂದು ಮಾತು

ಮುಂಬೈ, ಪುಣೆ, ದೆಹಲಿಯಲ್ಲಿ ಸಿಎನ್‌ಜಿ ಕಾರುಗಳು ಸಾಕಷ್ಟು ಕಾಣುತ್ತವೆ. ದ್ರವ ಇಂಧನದಿಂದ ವಾಲ್ವ್‌ಗೆ ಸಿಗುವ ತಂಪು ಸಿಎನ್‌ಜಿಯಿಂದ ಸಿಗುವುದಿಲ್ಲ. ಇದರಿಂದ ವಾಲ್ವ್ ಸೀಟ್ ಬೇಗ ಸವೆದು ಟ್ಯಾಪೆಟ್ ಅಂತರ ಕಡಿಮೆಯಾಗಬಹುದು. ಆಗ ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಷನ್ ಸೋರುತ್ತದೆ. ಕಂಪನಿ ಹೇಳಿದ ಅವಧಿಗೆ ಟ್ಯಾಪೆಟ್ ಪರೀಕ್ಷೆ ಮತ್ತು ಪ್ಲಗ್ ಬದಲಾವಣೆ ತಪ್ಪಿಸಬಾರದು.

ನಿಜವಾದ ಸವೆತ ತಿಳಿಯುವುದು ಹೇಗೆ?

ಇದಕ್ಕೆ ಕಂಪ್ರೆಷನ್ ಟೆಸ್ಟ್ ಬೇಕು. ಎಷ್ಟು ಒತ್ತಡ ಇರಬೇಕೆಂಬುದು ಪ್ರತಿ ಎಂಜಿನ್‌ಗೂ ಬೇರೆ. ಆದರೆ ಸಿಲಿಂಡರ್‌ಗಳ ನಡುವೆ ಶೇ. 10–15ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಪೆಟ್ರೋಲ್ ಎಂಜಿನ್‌ನಲ್ಲಿ ಒತ್ತಡ ಕಡಿಮೆ ಇರುವ ಸಿಲಿಂಡರ್‌ಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಪರೀಕ್ಷಿಸಬೇಕು. ಒತ್ತಡ ಏರಿದರೆ ರಿಂಗ್ ಅಥವಾ ಬೋರ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಅಕ್ಕಪಕ್ಕದ ಎರಡು ಸಿಲಿಂಡರ್‌ಗಳಲ್ಲೂ ಒತ್ತಡ ಕುಸಿದಿದ್ದರೆ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಹೆಚ್ಚು.

ಸೈಲೆನ್ಸರ್ ಹೊಗೆಯೂ ಸುಳಿವು ಕೊಡುತ್ತದೆ:

• ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ನೀಲಿ ಹೊಗೆ: ವಾಲ್ವ್ ಸೀಲ್ ಗಟ್ಟಿಯಾಗಿರಬಹುದು
• ಆಕ್ಸಿಲರೇಟರ್ ಒತ್ತಿದಾಗ ನೀಲಿ ಹೊಗೆ: ರಿಂಗ್ ಸವೆದಿರಬಹುದು
• ನಿಲ್ಲದ ಬಿಳಿ ಹೊಗೆ, ಇಳಿಯುತ್ತಿರುವ ಕೂಲೆಂಟ್: ಹೆಡ್ ಗ್ಯಾಸ್ಕೆಟ್ ನೋಡಿಸಿ
• ಕಪ್ಪು ಹೊಗೆ: ಇಂಧನ ಹೆಚ್ಚು, ಗಾಳಿ ಕಡಿಮೆ

ಬಿಸಿ ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಆಯಿಲ್ ದೀಪ ಹೊತ್ತಿಕೊಂಡರೆ ಕೂಡಲೇ ಆಫ್ ಮಾಡಿ. ಆಯಿಲ್ ಕಡಿಮೆಯಾಗಿರಬಹುದು, ಪಂಪ್ ಅಥವಾ ಬೇರಿಂಗ್ ಸವೆದಿರಲೂಬಹುದು.

ಮೀಟರ್ ಹೇಳದ ಲೆಕ್ಕ

ಲಕ್ಷ ಕಿ.ಮೀ.ಯನ್ನು ಗಂಟೆಗೆ ಸರಾಸರಿ 50 ಕಿ.ಮೀ. ವೇಗದಲ್ಲಿ ಓಡಿಸಿದರೆ ಎಂಜಿನ್ ದುಡಿದದ್ದು 2,000 ಗಂಟೆ. ನಗರದ ಟ್ರಾಫಿಕ್‌ನಲ್ಲಿ ಸರಾಸರಿ 20 ಕಿ.ಮೀ. ಆದರೆ ಅದು 5,000 ಗಂಟೆ. ನಿಂತಲ್ಲೇ ಉರಿಯುವ ಎಂಜಿನ್ ಕಿ.ಮೀ. ಏರಿಸುವುದಿಲ್ಲ, ಆದರೆ ಆಯಿಲ್ ಹಳತಾಗುತ್ತಲೇ ಇರುತ್ತದೆ. ಆದ್ದರಿಂದ ಟ್ರಾಫಿಕ್‌ನಲ್ಲೇ ಓಡುವ ಕಾರಿಗೆ ಮ್ಯಾನುಯಲ್‌ನಲ್ಲಿ 'ಕಠಿಣ ಬಳಕೆ'ಗೆ ಸೂಚಿಸಿದ ಅವಧಿಯಂತೆ ಆಯಿಲ್ ಬದಲಿಸಬೇಕು.

ಹಳೆ ಕಾರು ಕೊಳ್ಳುವವರೂ ಎಚ್ಚರ ವಹಿಸಬೇಕು. ದಪ್ಪ ಆಯಿಲ್ ಹಾಕಿ ಸವೆದ ಎಂಜಿನ್‌ನ ಸದ್ದು, ಹೊಗೆಯನ್ನು ಕೆಲ ದಿನ ಮರೆಮಾಚಬಹುದು. ಹೀಗಾಗಿ ರಾತ್ರಿಯಿಡೀ ನಿಂತು ತಣ್ಣಗಾದ ಕಾರನ್ನೇ ಸ್ಟಾರ್ಟ್ ಮಾಡಿಸಿ ನೋಡಿ. ಇನ್ನು ಓವರ್‌ಹಾಲ್‌ಗೆ ಒಪ್ಪುವ ಮೊದಲು ಪ್ರತಿ ಸಿಲಿಂಡರ್‌ನ ಕಂಪ್ರೆಷನ್ ಅಂಕಿಯನ್ನು ಬರೆದು ಕೊಡುವಂತೆ ಮೆಕ್ಯಾನಿಕ್‌ಗೆ ಕೇಳಿ. ಆ ಅಂಕಿಗಳು ಕೈಯಲ್ಲಿದ್ದರೆ ಇನ್ನೊಂದು ಗ್ಯಾರೇಜ್‌ನ ಅಭಿಪ್ರಾಯ ಪಡೆಯುವುದೂ ಸುಲಭ.