ಗೋಕಾಕದ ನೀರು, ಕನ್ನಡದ ಲೆಕ್ಕ

1887ರಲ್ಲಿ ಗೋಕಾಕ ಜಲಪಾತದ ನೀರಿನ ಬಲದಿಂದ ನೂಲಿನ ಗಿರಣಿಯೊಂದು ತಿರುಗತೊಡಗಿತು. ಘಟಪ್ರಭೆ ಸುಮಾರು 52 ಮೀಟರ್ ಕೆಳಗೆ ಧುಮುಕುವ ಆ ತಾಣಕ್ಕೆ ಜನ ಇಂದಿಗೂ ಹೋಗುವುದು ನೀರು ನೋಡಲು, ತೂಗುಸೇತುವೆ ನೋಡಲು. ಬೀಳುವ ನೀರು ಗಿರಣಿಯ ಚಕ್ರವನ್ನು ತಿರುಗಿಸುವುದು ಹೇಗೆಂದು ಅಲ್ಲಿಯ ಹುಡುಗನೊಬ್ಬ ಆಗ ಕೇಳಿದ್ದರೆ, ಅವನ ಕೈಗೆ ಯಾವ ಪುಸ್ತಕ ಕೊಡಬೇಕಾಗಿತ್ತು? ಯಂತ್ರವಿದ್ಯೆಯ ಉಚ್ಚ ಶಿಕ್ಷಣವೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ಕಾಲವದು.

ಹಾಗೆಂದು ಶಾಸ್ತ್ರದ ಪಾಠ ಈ ಸೀಮೆಯ ಕನ್ನಡಕ್ಕೆ ಹೊಸದೇನೂ ಆಗಿರಲಿಲ್ಲ. 12ನೆಯ ಶತಮಾನದ ರಾಜಾದಿತ್ಯನ ಊರು ಪೂವಿನಬಾಗೆ. ಅದು ಇಂದಿನ ರಾಯಬಾಗವೆಂಬುದು ಹಲವು ವಿದ್ವಾಂಸರ ಮತ. ಗೋಕಾಕ, ಹುಕ್ಕೇರಿ, ಈಚೆಗೆ ಗೋಕಾಕದಿಂದ ಬೇರ್ಪಟ್ಟು ತಾಲ್ಲೂಕಾದ ಮೂಡಲಗಿ, ಈ ಮೂರಕ್ಕೂ ರಾಯಬಾಗ ದೂರದ್ದಲ್ಲ. ಆತನ ‘ವ್ಯವಹಾರಗಣಿತ’ ಸೂತ್ರಗಳನ್ನು ಪದ್ಯದಲ್ಲಿ ಹೇಳಿ, ಗದ್ಯದಲ್ಲಿ ಬಿಡಿಸಿ, ಉದಾಹರಣೆ ಕೊಟ್ಟು ಮುಂದೆ ಸಾಗುತ್ತದೆ. ಬಾಯಿಪಾಠಕ್ಕೆ ಪದ್ಯ, ತಿಳಿವಿಗೆ ಗದ್ಯ! ಇಂದಿನ ಪಠ್ಯಪುಸ್ತಕ ಬರೆಯುವವರು ಈ ಜಾಣತನವನ್ನು ಗಮನಿಸಬೇಕು. ಅದರಲ್ಲಿ ಸಹಜ ತ್ರೈರಾಶಿಯೂ ಇದೆ, ವ್ಯಸ್ತ ತ್ರೈರಾಶಿಯೂ ಇದೆ. ಆಳು ಹೆಚ್ಚಿದಂತೆ ಕೆಲಸದ ದಿನ ಕಡಿಮೆಯಾಗುವುದು ವ್ಯಸ್ತ. ಒಂದಕ್ಕೊಂದು ಕಚ್ಚಿಕೊಂಡ ಹಲ್ಲುಚಕ್ರಗಳಲ್ಲಿ ಹಲ್ಲು ಹೆಚ್ಚಿದ್ದು ಕಡಿಮೆ ಸುತ್ತುತ್ತದೆಂಬ ಯಂತ್ರಶಾಸ್ತ್ರದ ಮೊದಲ ಪಾಠವೂ ಇದೇ ಲೆಕ್ಕ.

ಇಂಥ ನಾಡಿನಲ್ಲೇ, ಮುಂಬಯಿ ಪ್ರಾಂತದ ಆಡಳಿತದಲ್ಲಿ, ಕನ್ನಡದ ಮಕ್ಕಳು ಮರಾಠಿ ಶಾಲೆಯಲ್ಲಿ ಓದಬೇಕಾಗಿ ಬಂದಿತ್ತು. ಡೆಪ್ಯೂಟಿ ಚನ್ನಬಸಪ್ಪನವರಂಥವರು ಹೆಣಗಿ ಕನ್ನಡ ಶಾಲೆಗಳನ್ನು ನೆಲೆಗೊಳಿಸಿದರು. ಅಕ್ಷರವೇನೋ ಉಳಿಯಿತು, ಭೌತಶಾಸ್ತ್ರ ಇನ್ನೂ ದೂರವೇ ಇತ್ತು. ಅತ್ತ ಬೆಂಗಳೂರಿನಲ್ಲಿ, ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರರೊಡನೆ 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆ ಹೊರಡಿಸಿದರು. ಎರಡೇ ವರ್ಷ ನಡೆಯಿತು. ಆದರೆ ಶಾಸ್ತ್ರವನ್ನು ಕನ್ನಡದಲ್ಲಿ ಹೇಳಲಾಗದು ಎನ್ನುವವರ ಬಾಯಿಗೆ ಅದು ಬೀಗ ಹಾಕಿತು.

ಕೆಲಸ ಮಾತ್ರ ಪುಸ್ತಕಕ್ಕಾಗಿ ಕಾಯಲಿಲ್ಲ. 1969ರಲ್ಲಿ ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಹುಟ್ಟಿತು. ದೇಶದ ಇಂಥ ಮೊದಲ ಐದು ಸಂಘಗಳಲ್ಲಿ ಅದೂ ಒಂದು. ಹಳ್ಳಿಗೆ ತಂತಿ ಬಂತು, ಬಾವಿಗೆ ಪಂಪು ಬಂತು. 1998ರಲ್ಲಿ ತಾಂತ್ರಿಕ ವಿಶ್ವವಿದ್ಯಾಲಯ ಬೆಳಗಾವಿಗೇ ಬಂತು. ಕನ್ನಡದಲ್ಲಿ ಎಂಜಿನಿಯರಿಂಗ್ ಕಲಿಸಲು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಒಪ್ಪಿದ್ದು 2021ರಲ್ಲಿ. ಅದಕ್ಕಾಗಿ ಇಂಗ್ಲಿಷ್ ಪುಸ್ತಕಗಳು ಕನ್ನಡವಾಗುತ್ತಿರುವುದು ಸಂತೋಷವೇ. ಆದರೆ ಇಂಗ್ಲಿಷ್ ವಾಕ್ಯಕ್ಕೆ ಕನ್ನಡದ ಅಕ್ಷರ ತೊಡಿಸಿದರೆ ಹುಡುಗನ ಕಷ್ಟ ತೀರದು. ಉದಾಹರಣೆಯೂ ಅವನ ಊರಿನದಾಗಿರಬೇಕು.

ರಾಜಾದಿತ್ಯನ ಬಗೆಯಲ್ಲಿ ಹೀಗೊಂದು ಲೆಕ್ಕ ಹಾಕಬಹುದು: ಗೋಕಾಕದಲ್ಲಿ ಸೆಕೆಂಡಿಗೆ ಒಂದು ಘನಮೀಟರ್ ನೀರು, ಅಂದರೆ 1000 ಕಿಲೋ, 52 ಮೀಟರ್ ಇಳಿದರೆ ಸಿಕ್ಕುವ ಬಲವೆಷ್ಟು? ಭಾರವನ್ನು ಎತ್ತರದಿಂದ ಗುಣಿಸಿ, ಬಂದದ್ದನ್ನು ಗುರುತ್ವದ 9.8ರಿಂದ ಗುಣಿಸಿದರೆ ಸುಮಾರು 510 ಕಿಲೊವಾಟ್. ಅದರಲ್ಲಿ ಐದನೆಯ ಒಂದು ಪಾಲು ಚಕ್ರದಲ್ಲೂ ಕೊಳವೆಯಲ್ಲೂ ಸೋರಿಹೋದರೆ, ಉಳಿದದ್ದರಿಂದ ಮೂಡಲಗಿಯ ಹೊಲಗಳಲ್ಲಿ ನಾಲ್ಕು ಕಿಲೊವಾಟಿನ ಪಂಪುಗಳು ಎಷ್ಟು ನಡೆದಾವು?